ಹಿತ್ತಿಲ ಒಲೆಯ ಭೌತಶಾಸ್ತ್ರ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ಸಹಪಾಠಿಯೊಬ್ಬರಿಂದ ಕೆಲವು ತಿಂಗಳ ಹಿಂದೆ ಒಂದು ಪತ್ರ ಬಂದಿತು. ಅವರು ಹೊಸದಾಗಿ ಕೊಂಡ ಮನೆಯ ಹಿತ್ತಿಲಲ್ಲಿ ಒಂದು ಬಯಲು ಅಡಿಗೆಮನೆಯನ್ನು ಕಟ್ಟಿಸುತ್ತಿದ್ದಾರೆ. ಪತ್ರದ ಜತೆಯಲ್ಲಿ ಎರಡು ಗ್ಯಾಸಿನ ಗ್ರಿಲ್ಲುಗಳ ವಿವರಪತ್ರಗಳೂ, ಗುತ್ತಿಗೆದಾರನು ಬರೆದುಕೊಟ್ಟ ಕಟ್ಟೆಯ ನಕ್ಷೆಯೂ ಇದ್ದುವು. “ನೀನು ಹುಡುಗರಿಗೆ ಉಷ್ಣಶಾಸ್ತ್ರ ಹೇಳಿಕೊಡುವವನು. ಇವೆರಡರಲ್ಲಿ ಯಾವುದನ್ನು ಕೊಳ್ಳಲಿ, ಹೇಳಿಬಿಡಪ್ಪ” ಎಂಬುದು ಅವರ ಒಕ್ಕಣೆ. ನಾವು ಅಂತಹ ಒಲೆಯಲ್ಲಿ ಒಂದು ಹಪ್ಪಳವನ್ನೂ ಸುಟ್ಟವರಲ್ಲ. ಆದರೂ ವಿವರಪತ್ರದ ಸಂಖ್ಯೆಗಳನ್ನು ಓದುತ್ತ ಹೋದಂತೆ, ಇಂಟರ್‌ಮೀಡಿಯೆಟ್ ತರಗತಿಯ ಭೌತಶಾಸ್ತ್ರದ ಅರ್ಧ ಭಾಗವೇ ಅಲ್ಲಿ ಅಡಗಿರುವಂತೆ ನಮಗೆ ತೋರಿತು. ನಕ್ಷೆಯನ್ನು ನೋಡಿದಾಗ ಮಾತ್ರ ನಿಜವಾಗಿಯೂ ಭಯವಾಯಿತು. ಆ ಭಯದ ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ಈ ಒಲೆಯ ಪರಿಚಯ. ಅಮೆರಿಕದ ಜನ ಬೇಸಗೆಯ ಸಂಜೆಗಳಲ್ಲಿ ಮನೆಯ ಹೊರಗೆ ಮಾಂಸ, ಮೀನು, ಮುಸುಕಿನ ಜೋಳ ಮುಂತಾದುವನ್ನು ಕೆಂಡದ ಮೇಲೆ ಸುಟ್ಟು ತಿನ್ನುವುದು ಹಳೆಯ ರೂಢಿ. ೧೯೫೨ರಲ್ಲಿ ಶಿಕಾಗೋ ಪ್ರದೇಶದ ಜಾರ್ಜ್ ಸ್ಟೀಫನ್ ಎಂಬಾತ, ತಾನು ಕೆಲಸ ಮಾಡುತ್ತಿದ್ದ ಲೋಹದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗೋಳಾಕಾರದ ತಗಡನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಮುಚ್ಚಳವುಳ್ಳ ಇದ್ದಿಲೊಲೆಯನ್ನು ರಚಿಸಿದನು. ಇದ್ದಿಲಿನ ಸ್ಥಾನಕ್ಕೆ ಅನಿಲವು ಬಂದದ್ದು ಅನಂತರದ ಮಾತು. ಗ್ಯಾಸಿನ ಗ್ರಿಲ್ಲೆಂದರೆ ಒಂದು ಲೋಹದ ಪೆಟ್ಟಿಗೆ. ತಳದಲ್ಲಿ ಸಾಲಾಗಿ ತೂತುಗಳಿರುವ ಬರ್ನರು ಕೊಳವೆಗಳು, ಅವುಗಳ ಮೇಲೆ ಮನೆಯ ಮಾಡಿನಂತೆ ಬಾಗಿಸಿದ ತಗಡುಗಳು, ಅದಕ್ಕೂ ಮೇಲೆ ಆಹಾರವನ್ನು ಇಡುವ ಸರಳುಗಳ ಜಾಲರಿ, ಎಲ್ಲಕ್ಕೂ ಮೇಲೆ ಒಂದು ಮುಚ್ಚಳ. ಕೆಲವಕ್ಕೆ ಗಾಲಿಗಳುಂಟು, ಬೇಕಾದಲ್ಲಿಗೆ ತಳ್ಳಿಕೊಂಡು ಹೋಗಬಹುದು. ನಮ್ಮ ಮಿತ್ರರು ಕೇಳಿದ್ದು ಗಾಲಿಯಿಲ್ಲದ ಬಗೆಯನ್ನು. ಇಟ್ಟಿಗೆಯ ಅಥವಾ ಕಲ್ಲಿನ ಕಟ್ಟೆಯೊಂದರಲ್ಲಿ ಅಳತೆಗೆ ಸರಿಯಾಗಿ ಕಂಡಿಬಿಟ್ಟು ಅದರೊಳಗೆ ಇಳಿಸಿಬಿಡುವ ಒಲೆ ಅದು. ಗಾಲಿಯ ಒಲೆ ಕೆಟ್ಟರೆ ಬೇರೆಯದನ್ನು ತರಬಹುದು. ಕಟ್ಟೆಯೊಳಗಿನ ಒಲೆ ಕೆಟ್ಟರೆ ಅದೇ ಅಳತೆಯದನ್ನು ಹುಡುಕಬೇಕು, ಇಲ್ಲವೆ ಕಟ್ಟೆಯನ್ನು ಒಡೆಯಬೇಕು. ಆದುದರಿಂದ ಆಯ್ಕೆ ಒಂದೇ ಸಾರಿ ಸರಿಯಾಗಿರಬೇಕು.

ವಿವರಪತ್ರಗಳಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದುದು ಬಿ.ಟಿ.ಯು. ಎಂಬ ಮಾನ. ಒಂದು ಪೌಂಡು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾಗುವ ಶಾಖವೇ ಒಂದು ಬ್ರಿಟಿಷ್ ಶಾಖಮಾನ. ನಮ್ಮ ಲೆಕ್ಕದಲ್ಲಿ ಅದು ೧೦೫೫ ಜೌಲುಗಳಷ್ಟು. ಬ್ರಿಟನ್ನಿನವರೇ ಬಹುಮಟ್ಟಿಗೆ ಕೈಬಿಟ್ಟಿರುವ ಈ ಮಾನವನ್ನು ಅಮೆರಿಕದವರು ಇಂದಿಗೂ ಬಿಟ್ಟಿಲ್ಲ. ಒಲೆಯ ಮೇಲೆ ಬರೆದಿರುವುದು ಒಂದು ಗಂಟೆಯಲ್ಲಿ ಹೊರಬರುವ ಶಾಖ. ಎಂದರೆ ಅದು ಶಾಖದ ಮಾನವಲ್ಲ, ಸಾಮರ್ಥ್ಯದ ಮಾನ. ಗಂಟೆಗೆ ೩೪೧೨ ಬಿ.ಟಿ.ಯು. ಎಂದರೆ ಒಂದು ಕಿಲೋವಾಟ್.

ಮೊದಲನೆಯ ಗ್ರಿಲ್ಲಿನ ಸಂಖ್ಯೆ ೮೦,೦೦೦, ಎರಡನೆಯದರದು ೫೦,೦೦೦. ಮಿತ್ರರ ಮನಸ್ಸು ಸಹಜವಾಗಿಯೇ ಮೊದಲನೆಯದರ ಕಡೆಗೆ ವಾಲಿತ್ತು. ಆದರೆ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿದದ್ದೇನು? ಆ ೮೦,೦೦೦ದಲ್ಲಿ ಪಕ್ಕದ ಸಣ್ಣ ಒಲೆಯದು ೧೨,೦೦೦, ಹಿಂಭಾಗದಲ್ಲಿ ತಿರುಗುಕೋಲಿಗಾಗಿ ಇಟ್ಟ ಬರ್ನರಿನದು ೧೪,೦೦೦. ಜಾಲರಿಯ ಕೆಳಗೆ ಉರಿಯುವುದು ೫೪,೦೦೦ ಮಾತ್ರ. ಅದರ ಜಾಲರಿ ೪೦ ಅಂಗುಲ ಉದ್ದ, ೨೨ ಅಂಗುಲ ಅಗಲ. ೮೮೦ ಚದರ ಅಂಗುಲ. ಭಾಗಿಸಿದರೆ ಚದರ ಅಂಗುಲಕ್ಕೆ ೬೧ ಬರುತ್ತದೆ. ಎರಡನೆಯದರ ೫೦,೦೦೦ವೂ ಜಾಲರಿಯ ಕೆಳಗಿನದೇ. ಜಾಲರಿ ೩೦ಕ್ಕೆ ೨೨, ಎಂದರೆ ೬೬೦ ಚದರ ಅಂಗುಲ. ಚದರ ಅಂಗುಲಕ್ಕೆ ೭೬! ಚಿಕ್ಕ ಸಂಖ್ಯೆಯ ಒಲೆಯೇ ಆಹಾರದ ಕೆಳಗೆ ಹೆಚ್ಚು ಬಿಸಿ. ಒಂದೇ ಚೊಂಬು ನೀರನ್ನು ತಟ್ಟೆಗೂ ಸುರಿಯಬಹುದು, ಚಾಪೆಯ ಮೇಲೂ ಚೆಲ್ಲಬಹುದು. ಆಳ ಎಷ್ಟೆಂಬುದನ್ನು ವಿಸ್ತಾರ ತೀರ್ಮಾನಿಸುತ್ತದೆ. ಈ ಒಲೆಗಳ ವ್ಯವಹಾರದಲ್ಲಿ ೭೫ರಿಂದ ೧೦೦ರವರೆಗೆ ಇದ್ದರೆ ಸಾಕೆಂಬ ಒಂದು ಬಳಕೆಯ ಲೆಕ್ಕವಿದೆ. ಅದನ್ನೂ ನಿಯಮವೆಂದು ಹಿಡಿಯಬಾರದು. ಮುಚ್ಚಳ ತೆಳುವಾಗಿ ಸಂದುಬಿಟ್ಟುಕೊಂಡಿದ್ದರೆ ಎಷ್ಟು ಶಾಖ ಹುಟ್ಟಿದರೂ ಆಕಾಶಕ್ಕೇ ಹೋಗುತ್ತದೆ.

೫೦,೦೦೦ ಬಿ.ಟಿ.ಯು. ಎಂದರೆ ಸುಮಾರು ೧೪.೬ ಕಿಲೋವಾಟ್; ನಮ್ಮ ಮನೆಗಳ ದೊಡ್ಡ ಬರ್ನರಿನಂತಹ ಏಳನ್ನು ಒಟ್ಟಿಗೆ ಹಚ್ಚಿದಂತೆ. ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ ಸುಮಾರು ೫೦ ಮೆಗಾಜೌಲ್ ಶಾಖ ಹುಟ್ಟುವುದರಿಂದ, ಪೂರ್ಣ ಉರಿಯಲ್ಲಿ ಗಂಟೆಗೆ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ಅನಿಲ ವ್ಯಯವಾಗುತ್ತದೆ. ಅಲ್ಲಿ ಬಳಕೆಯಲ್ಲಿರುವ ೨೦ ಪೌಂಡಿನ ಸಿಲಿಂಡರಿನಲ್ಲಿ ಹಿಡಿಸುವುದು ೯ ಕಿಲೋಗ್ರಾಂ. ನಮ್ಮ ೧೪.೨ ಕಿಲೋಗ್ರಾಂ ಸಿಲಿಂಡರು ಒಂದು ಸಂಸಾರಕ್ಕೆ ವಾರಗಟ್ಟಲೆ ಬರುತ್ತದೆ. ಅವರದು ಎಂಟೂವರೆ ಗಂಟೆಯಲ್ಲಿ ಬರಿದು.

ಇನ್ನು ಅನಿಲದ ವಿಚಾರ. ಅಲ್ಲಿ ಎರಡು ಬಗೆಯ ಅನಿಲಗಳು ದೊರೆಯುತ್ತವೆ: ಬೀದಿಯ ಕೊಳವೆಯಲ್ಲಿ ಬರುವ ಸ್ವಾಭಾವಿಕ ಅನಿಲ, ಅದರಲ್ಲಿ ಮುಖ್ಯವಾದುದು ಮೀಥೇನ್, ಸಿಲಿಂಡರಿನಲ್ಲಿ ಬರುವ ಪ್ರೊಪೇನ್. ಅಮೆರಿಕದ ಗಣಿ ಇಲಾಖೆಯಲ್ಲಿದ್ದ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞನು ೧೯೧೦ರಲ್ಲಿ ಪೆಟ್ರೋಲಿನಿಂದ ಆವಿಯಾಗಿ ಹೋಗುತ್ತಿದ್ದ ವಸ್ತುಗಳನ್ನು ಪರೀಕ್ಷಿಸುವಾಗ ಪ್ರೊಪೇನನ್ನು ಗುರುತಿಸಿದನು. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅಮೆರಿಕದಲ್ಲಿ ಬಹುಪಾಲು ಪ್ರೊಪೇನೇ ಏಕೆ? ಪ್ರೊಪೇನ್ ಕುದಿಯುವುದು ಸೊನ್ನೆಗಿಂತ ೪೨ ಡಿಗ್ರಿ ಕೆಳಗೆ. ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಮಾತ್ರ ಕೆಳಗೆ. ಹಿಮ ಬೀಳುವ ಊರಿನಲ್ಲಿ ಬ್ಯುಟೇನ್ ಸಿಲಿಂಡರಿನ ತಳದಲ್ಲಿ ದ್ರವವಾಗಿ ಕುಳಿತುಬಿಡುತ್ತದೆ, ಒಲೆಗೆ ಬರುವುದಿಲ್ಲ. ನಮ್ಮ ಹವೆಗೆ ಆ ತೊಂದರೆಯಿಲ್ಲ.

ಒಲೆಯೊಳಗೆ ಅನಿಲವು ಗಾಳಿಯನ್ನು ಎಳೆದುಕೊಳ್ಳುವ ಬಗೆಯನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯ ಬುನ್ಸೆನ್ ಬರ್ನರಿನಲ್ಲಿ ದಿನವೂ ನೋಡುತ್ತಾರೆ. ಹೈಡಲ್‌ಬರ್ಗಿನಲ್ಲಿ ೧೮೫೫ರ ಸುಮಾರಿಗೆ ರೂಪುಗೊಂಡ ಆ ಬರ್ನರಿಗೂ ಟೆಕ್ಸಾಸಿನ ಈ ಗ್ರಿಲ್ಲಿಗೂ ತತ್ತ್ವ ಒಂದೇ. ಜೆಟ್ಟಿನ ಸಣ್ಣ ರಂಧ್ರದಿಂದ ವೇಗವಾಗಿ ಚಿಮ್ಮುವ ಅನಿಲವು ಸುತ್ತಣ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಕೊಳವೆಯಲ್ಲಿ ಬೆರೆಯುತ್ತದೆ. ಬೆರೆತ ಗಾಳಿ ಸಾಕಷ್ಟಿದ್ದರೆ ಜ್ವಾಲೆ ನೀಲಿ. ಸಾಲದಿದ್ದರೆ ಇಂಗಾಲದ ಕಣಗಳು ಉರಿಯದೆ ಉಳಿದು, ಕಾದು ಹೊಳೆಯುತ್ತವೆ. ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ವಿಷಕರವಾದ ಇಂಗಾಲದ ಮಾನಾಕ್ಸೈಡೂ ಹೆಚ್ಚುತ್ತದೆ.

ಒಂದು ಘನ ಅಡಿ ಸ್ವಾಭಾವಿಕ ಅನಿಲ ಉರಿದರೆ ಸುಮಾರು ೧೦೦೦ ಬಿ.ಟಿ.ಯು. ಬರುತ್ತದೆ, ಒಂದು ಘನ ಅಡಿ ಪ್ರೊಪೇನಿನಿಂದ ಸುಮಾರು ೨೫೦೦. ಮೊದಲನೆಯದಕ್ಕೆ ಹತ್ತರಷ್ಟು ಗಾಳಿ ಬೇಕು, ಎರಡನೆಯದಕ್ಕೆ ೨೪ರಷ್ಟು. ಗ್ರಿಲ್ಲುಗಳಲ್ಲಿ ಪ್ರೊಪೇನನ್ನು ಸಾಮಾನ್ಯವಾಗಿ ೧೧ ಅಂಗುಲ ನೀರಿನ ಒತ್ತಡದಲ್ಲೂ ಸ್ವಾಭಾವಿಕ ಅನಿಲವನ್ನು ೪ ಅಂಗುಲದಲ್ಲೂ ಬಿಡುತ್ತಾರೆ. ಅಂದ ಮೇಲೆ, ಸ್ವಾಭಾವಿಕ ಅನಿಲಕ್ಕೆಂದು ಕೊರೆದ ಜೆಟ್ಟಿಗೆ ಪ್ರೊಪೇನನ್ನು ಜೋಡಿಸಿದರೆ ಏನಾದೀತು? ರಂಧ್ರದ ಮೂಲಕ ಹರಿಯುವ ಗಾತ್ರವು ಒತ್ತಡದ ವರ್ಗಮೂಲಕ್ಕೆ ಅನುಲೋಮವಾಗಿಯೂ, ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಒತ್ತಡ ೨.೭೫ ಪಟ್ಟು, ಸಾಂದ್ರತೆ ಸುಮಾರು ೨.೫ ಪಟ್ಟು, ಎರಡರ ವರ್ಗಮೂಲಗಳು ಹೆಚ್ಚು ಕಡಿಮೆ ಸಮವಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಗಾತ್ರ ಅಷ್ಟೇ ಹರಿಯಿತು, ಆದರೆ ಅದರಲ್ಲಿರುವ ಶಾಖ ಎರಡೂವರೆ ಪಟ್ಟು! ಗಾಳಿಯಂತೂ ಸಾಲದು. ಮುಚ್ಚಳದ ಅಂಚಿನಿಂದ ಹಳದಿ ಜ್ವಾಲೆ ಹೊರಚಾಚುತ್ತದೆ. ಅಂಗಡಿಯವನು ಮಿತ್ರರಿಗೆ “ಎರಡಕ್ಕೂ ನಡೆಯುತ್ತದೆ, ಕೊಳವೆ ಬದಲಾಯಿಸಿದರೆ ಸರಿ” ಎಂದಿದ್ದನಂತೆ. ನಡೆಯುವುದಿಲ್ಲ. ಜೆಟ್ಟುಗಳನ್ನೂ ರೆಗ್ಯುಲೇಟರನ್ನೂ ತಯಾರಕರು ಒದಗಿಸಿದ ಜೋಡಣೆಯಿಂದಲೇ ಬದಲಾಯಿಸಬೇಕು. ಅಥವಾ ತನ್ನ ಮನೆಗೆ ಬರುವ ಅನಿಲಕ್ಕೆಂದೇ ಮಾಡಿದ ಒಲೆಯನ್ನು ಕೊಳ್ಳಬೇಕು.

ಈಗ ನಕ್ಷೆಯ ವಿಷಯ. ಗುತ್ತಿಗೆದಾರನು ಗ್ರಿಲ್ಲಿನ ಪಕ್ಕದಲ್ಲಿಯೇ ಸಿಲಿಂಡರಿಗೆ ಒಂದು ಗೂಡನ್ನು ಬರೆದಿದ್ದನು: ಒಂದು ಮೀಟರು ಅಗಲ, ೬೦ ಸೆಂಟಿಮೀಟರು ಆಳ, ೮೦ ಸೆಂಟಿಮೀಟರು ಎತ್ತರ. ಮೂರು ಕಡೆ ಇಟ್ಟಿಗೆ, ಮುಂದುಗಡೆ ಬಿಗಿಯಾಗಿ ಮುಚ್ಚುವ ಉಕ್ಕಿನ ಬಾಗಿಲು. ಅಂದ ಕೆಡಬಾರದೆಂದು ಎಲ್ಲಿಯೂ ಒಂದು ಕಿಂಡಿಯಿಲ್ಲ.

ಪ್ರೊಪೇನಿನ ಅಣುತೂಕ ೪೪, ಗಾಳಿಯ ಸರಾಸರಿ ಅಣುತೂಕ ೨೯. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲಕ್ಕೇರಿ ಚದುರುವುದಿಲ್ಲ. ನೀರಿನಂತೆ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಒಬ್ಬ ಬುದ್ಧಿವಂತ ಹುಡುಗ ಎದ್ದು ಕೇಳುತ್ತಾನೆ: “ಆಮ್ಲಜನಕವು ಸಾರಜನಕಕ್ಕಿಂತ ಭಾರವಲ್ಲವೆ? ಅದೇಕೆ ನೆಲಕ್ಕಿಳಿಯುವುದಿಲ್ಲ?” ಒಳ್ಳೆಯ ಪ್ರಶ್ನೆಯೇ. ಒಮ್ಮೆ ಪೂರ್ಣವಾಗಿ ಬೆರೆತ ಅನಿಲಗಳು ತಾವಾಗಿ ಬೇರ್ಪಡುವುದಿಲ್ಲ. ಆದರೆ ಬೆರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಗಾಳಿಯಾಡದ ಗೂಡಿನಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಒಂದು ಕಿಡಿ ಬಿದ್ದರೆ ಸಾಕು.

ಎಷ್ಟು ಸೋರಿದರೆ ಅಪಾಯ? ಗಾಳಿಯಲ್ಲಿ ಪ್ರೊಪೇನಿನ ಪ್ರಮಾಣ ನೂರಕ್ಕೆ ೨.೧ರಿಂದ ೯.೫ರವರೆಗೆ ಇದ್ದಾಗ ಅದು ಹೊತ್ತಿಕೊಳ್ಳುತ್ತದೆ. ಆ ಗೂಡಿನ ಗಾತ್ರ ೪೮೦ ಲೀಟರು. ಸಿಲಿಂಡರು ಹಿಡಿಯುವ ಸ್ಥಳವನ್ನು ಸದ್ಯಕ್ಕೆ ಮರೆಯೋಣ. ಅದರ ನೂರರಲ್ಲಿ ೨.೧ ಭಾಗವೆಂದರೆ ೧೦ ಲೀಟರು ಅನಿಲ. ೪೪ ಗ್ರಾಂ ಪ್ರೊಪೇನ್ ಸುಮಾರು ೨೪ ಲೀಟರು ಜಾಗ ಹಿಡಿಯುವುದರಿಂದ, ಈ ೧೦ ಲೀಟರಿನ ತೂಕ ೧೮ ಗ್ರಾಂ ಚಿಲ್ಲರೆ. ದ್ರವರೂಪದಲ್ಲಿ ಅಳೆದರೆ ಎರಡೂವರೆ ದೊಡ್ಡ ಚಮಚ! ಒಂಬತ್ತು ಕಿಲೋಗ್ರಾಂ ಸಿಲಿಂಡರಿನ ಐನೂರರಲ್ಲಿ ಒಂದು ಪಾಲು ಸೋರಿದರೆ, ಆ ಅಂದವಾದ ಗೂಡು ಒಂದು ಬಾಂಬಿನ ಕವಚವಾಗುತ್ತದೆ. ಪಕ್ಕದಲ್ಲೇ ಗ್ರಿಲ್ಲಿನ ಕಿಡಿಗುಂಡಿ ಇದೆ; ಸುತ್ತ ಮಕ್ಕಳು ಕುಳಿತಿರುತ್ತಾರೆ. ನಾವು ಆ ರಾತ್ರಿಯೇ ಉತ್ತರ ಬರೆದೆವು: ಗ್ರಿಲ್ಲು ಯಾವುದಾದರೂ ಆಗಲಿ, ಮೊದಲು ಕಟ್ಟೆಯ ಕೆಲಸವನ್ನು ನಿಲ್ಲಿಸು.

ಪರಿಹಾರ ಕಷ್ಟದ್ದಲ್ಲ. ನೆಲಮಟ್ಟದಲ್ಲಿ, ಎದುರುಬದುರು ಗೋಡೆಗಳಲ್ಲಿ, ಹೊರಬಯಲಿಗೆ ತೆರೆದ ಗಾಳಿಕಿಂಡಿಗಳಿರಬೇಕು. ಒಂದೇ ಕಡೆ ಕಿಂಡಿಯಿದ್ದರೆ ಗಾಳಿ ಹಾಯುವುದಿಲ್ಲ. ಸ್ವಾಭಾವಿಕ ಅನಿಲವಾದರೆ ಲೆಕ್ಕ ತಲೆಕೆಳಗು; ಮೀಥೇನಿನ ಅಣುತೂಕ ೧೬ ಮಾತ್ರ, ಅದು ಮೇಲಕ್ಕೇರುವುದರಿಂದ ಕಟ್ಟೆಯ ಮೇಲುಭಾಗದಲ್ಲಿ ಕಿಂಡಿ ಬೇಕು. ಎರಡೂ ಮಟ್ಟದಲ್ಲಿಟ್ಟರೆ ಉತ್ತಮ; ಕೆಳಗಿನಿಂದ ತಂಪುಗಾಳಿ ಬಂದು ಮೇಲಿನಿಂದ ಬಿಸಿಗಾಳಿ ಹೋಗುತ್ತದೆ, ಒಲೆಯ ಕೆಳಗಿನ ಗುಂಡಿಗಳೂ ಕೊಳವೆಗಳೂ ತಣ್ಣಗಿರುತ್ತವೆ. ಕಿಂಡಿಗಳ ಅಳತೆಯನ್ನೂ ಸ್ಥಾನವನ್ನೂ ಒಲೆಯ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಮೇಸ್ತ್ರಿಯ ಕಣ್ಣಳತೆಗೆ ಇದನ್ನು ಬಿಡತಕ್ಕದ್ದಲ್ಲ.

ಇದನ್ನು ಓದುವಾಗ ನಮ್ಮ ವಾಚಕರು ತಮ್ಮ ಮನೆಯ ಅಡಿಗೆಕಟ್ಟೆಯ ಕೆಳಗೆ ಒಮ್ಮೆ ಇಣುಕಿ ನೋಡಬೇಕು. ಅಲ್ಲಿಯೂ ಸಿಲಿಂಡರನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿರುವುದು ಎಷ್ಟು ಮನೆಗಳಲ್ಲಿಲ್ಲ! ಬ್ಯುಟೇನ್ ಗಾಳಿಯ ಎರಡರಷ್ಟು ಭಾರ. ಆದುದರಿಂದ ನಮ್ಮ ಮಿಶ್ರಣವು ಅಮೆರಿಕದ ಪ್ರೊಪೇನಿಗಿಂತಲೂ ಹೆಚ್ಚು ತಗ್ಗು ಹುಡುಕುತ್ತದೆ. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ನಮಗೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದಾಗ ದೀಪದ ಸ್ವಿಚ್ಚನ್ನು ಒತ್ತದೆ, ಫ್ಯಾನು ಹಾಕದೆ, ಸಾಧ್ಯವಾದರೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬರಬೇಕು.

ಮತ್ತೆ ಗ್ರಿಲ್ಲಿಗೆ ಬರೋಣ. ನಕ್ಷೆಯಲ್ಲಿ ಕಟ್ಟೆಯ ಮೇಲ್ಭಾಗದ ಚೌಕಟ್ಟು ಮರದ್ದಾಗಿತ್ತು. ಮರವು ಒಮ್ಮೆಗೇ ಹೊತ್ತಿಕೊಳ್ಳದಿರಬಹುದು. ಆದರೆ ದಿನ ದಿನವೂ ಶಾಖ ತಗುಲಿ ಒಣಗಿ ಸೀದ ಮರವು ಹೊಸ ಮರಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಹೊತ್ತಿಕೊಳ್ಳುತ್ತದೆ. ಉರಿಯುವ ವಸ್ತುವಿನ ಕಟ್ಟೆಯಾದರೆ ಗ್ರಿಲ್ಲಿಗೂ ಚೌಕಟ್ಟಿಗೂ ನಡುವೆ ತಯಾರಕರದೇ ಶಾಖನಿರೋಧಕ ಕವಚ ಬೇಕೇ ಬೇಕು. ಉಕ್ಕಿನ ಅಥವಾ ಇಟ್ಟಿಗೆಯ ಚೌಕಟ್ಟಾದರೆ ಆ ಖರ್ಚು ಉಳಿಯಬಹುದು. ಗಾಳಿಯ ದಿಕ್ಕನ್ನೂ ನೋಡಬೇಕು. ಗ್ರಿಲ್ಲಿನ ಬಿಸಿ ಅನಿಲಗಳು ಹಿಂಭಾಗದ ಸಂದಿನಿಂದ ಹೊರಹೋಗುವುದು ರೂಢಿ. ಬಲವಾದ ಗಾಳಿ ಬೆನ್ನಿನ ಕಡೆಯಿಂದ ಬೀಸಿದರೆ ಅವು ಹಿಮ್ಮುಖವಾಗಿ, ಅಡಿಗೆ ಮಾಡುವವರ ಕೈಗೂ ಮುಂದಿನ ಗುಂಡಿಗಳಿಗೂ ತಗುಲುತ್ತವೆ. ಇನ್ನು, ಛಾವಣಿ ಹಾಕಿ ಮೂರು ಕಡೆ ಗೋಡೆ ಎಬ್ಬಿಸಿ ಅದನ್ನು ‘ಬಯಲು’ ಅಡಿಗೆಮನೆಯೆಂದು ಕರೆಯುವ ಹುಚ್ಚೂ ಇದೆ. ಇಂಗಾಲದ ಮಾನಾಕ್ಸೈಡು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಅಂಟಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ವಿವರಪತ್ರಗಳು ಬಹಳವಾಗಿ ಹೊಗಳುವ ಇನ್ನೊಂದು ಅಂಶ ‘ಇನ್‌ಫ್ರಾರೆಡ್’ ಬರ್ನರು. ಸಾಮಾನ್ಯ ಬರ್ನರಿನಲ್ಲಿ ಬಿಸಿಗಾಳಿಯ ಸಂವಹನವೇ ಪ್ರಧಾನ. ಇದರಲ್ಲಿ ಸಹಸ್ರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಬಿಲ್ಲೆಯೊಂದರ ಮೈಮೇಲೆಯೇ ಅನಿಲ ಉರಿದು, ಬಿಲ್ಲೆ ಕೆಂಪಗೆ ಕಾಯುತ್ತದೆ. ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವೆಂದು ಸ್ಟೆಫಾನನು ೧೮೭೯ರಲ್ಲಿ ಹೇಳಿದ್ದನ್ನು ನೆನೆಯೋಣ. ಬಿಲ್ಲೆಯ ಉಷ್ಣತೆ ೯೦೦ ಡಿಗ್ರಿ ಸೆಲ್ಸಿಯಸ್, ಸಾಮಾನ್ಯ ಗ್ರಿಲ್ಲಿನ ತಗಡಿನದು ೪೦೦ ಎಂದಿಟ್ಟುಕೊಂಡರೆ, ನಿರಪೇಕ್ಷ ಮಾನದಲ್ಲಿ ಅವು ೧೧೭೩ ಮತ್ತು ೬೭೩. ಅನುಪಾತ ೧.೭೪, ಅದರ ನಾಲ್ಕನೆಯ ಘಾತ ೯ಕ್ಕಿಂತ ಹೆಚ್ಚು. ಉಷ್ಣತೆ ಇಮ್ಮಡಿಯೂ ಆಗಿಲ್ಲ, ವಿಕಿರಣ ಒಂಬತ್ತು ಮಡಿ! ಇದರ ಉಪಯೋಗವೇನು? ಆಹಾರದ ಮೈ ತೇವವಾಗಿರುವಷ್ಟು ಕಾಲ ಅದರ ಉಷ್ಣತೆ ನೂರು ಡಿಗ್ರಿಯ ಆಚೆಗೆ ಏರದು. ಬಂದ ಶಾಖವೆಲ್ಲ ನೀರನ್ನು ಆವಿಮಾಡುವುದರಲ್ಲೇ ಕಳೆಯುತ್ತದೆ. ೧೪೦ ಡಿಗ್ರಿಯ ಮೇಲೆ ಚುರುಕಾಗುವ, ೧೯೧೨ರಲ್ಲಿ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ವರ್ಣಿಸಿದ ಕ್ರಿಯೆಯಿಂದಲೇ ಕಂದುಬಣ್ಣವೂ ಸುಟ್ಟ ಪರಿಮಳವೂ ಬರುವುದು. ಒಳಗು ಒಣಗುವ ಮೊದಲೇ ಹೊರಮೈ ಆ ಉಷ್ಣತೆಯನ್ನು ಮುಟ್ಟಬೇಕಾದರೆ ತೀವ್ರವಾದ ವಿಕಿರಣ ಬೇಕು. ಮಾಂಸದ ದಪ್ಪ ತುಂಡುಗಳಿಗೆ ಅದು ಲಾಭವೇ. ನಮ್ಮ ಮಿತ್ರರ ಮನೆಯಲ್ಲಿ ಸುಡುವುದು ಮುಖ್ಯವಾಗಿ ಜೋಳದ ತೆನೆ, ದೊಣ್ಣೆಮೆಣಸಿನಕಾಯಿ, ಮತ್ತು ಗೊಜ್ಜಿಗೆ ಬದನೆಕಾಯಿ. ಬದನೆಕಾಯಿ ಒಳಗೆ ಬೆಣ್ಣೆಯಂತೆ ಬೇಯಬೇಕಾದರೆ ನಿಧಾನವಾದ ಉರಿಯೇ ಮೇಲು. ಒಂಬತ್ತು ಪಟ್ಟು ವಿಕಿರಣಕ್ಕೆ ಅವರು ಹಣ ಸುರಿಯುವುದು ನಮಗೆ ಸರಿತೋರಲಿಲ್ಲ.

ಹಣವನ್ನು ಉಕ್ಕಿಗೆ ಸುರಿಯಲಿ. ಕಲೆಗಟ್ಟದ ಉಕ್ಕಿನಲ್ಲಿ ೩೦೪ ಎಂಬುದರಲ್ಲಿ ನೂರಕ್ಕೆ ಸುಮಾರು ೧೮ ಕ್ರೋಮಿಯಂ, ೮ ನಿಕಲ್ ಇರುತ್ತವೆ. ಅಗ್ಗದ ೪೩೦ರಲ್ಲಿ ಕ್ರೋಮಿಯಂ ಸುಮಾರು ೧೭, ನಿಕಲ್ ಇಲ್ಲವೆನ್ನಬಹುದು. ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆಯೇ ಉಕ್ಕನ್ನು ತುಕ್ಕಿನಿಂದ ಕಾಯುವುದು. ಉಪ್ಪಿನ ಕ್ಲೋರೈಡು ಆ ಪೊರೆಯ ಶತ್ರು. ಆದುದರಿಂದ ಕಡಲತೀರದ ಮನೆಗಳಿಗೆ ಮಾಲಿಬ್ಡಿನಂ ಸೇರಿದ ೩೧೬ ಉತ್ತಮ. ಮಿತ್ರರ ಊರು ಮೆಕ್ಸಿಕೋ ಕೊಲ್ಲಿಯಿಂದ ದೂರ, ಅವರಿಗೆ ೩೦೪ ಸಾಕು. ಅಂಗಡಿಗೆ ಒಂದು ಅಯಸ್ಕಾಂತವನ್ನು ಒಯ್ಯುವಂತೆ ಬರೆದೆವು. ಬಲವಾಗಿ ಅಂಟಿದರೆ ಅದು ೩೦೪ ಅಲ್ಲ. ಅಂಟದಿದ್ದರೆ ೩೦೪ ಎಂದೇನೂ ನಿಶ್ಚಯವಿಲ್ಲ. ನಿಕಲ್ಲಿನ ಬದಲು ಮ್ಯಾಂಗನೀಸ್ ಹೆಚ್ಚಿಸಿ ಮಾಡಿದ, ನಮ್ಮ ಪಾತ್ರೆ ಅಂಗಡಿಗಳಲ್ಲಿ ಹೇರಳವಾಗಿರುವ ಅಗ್ಗದ ಉಕ್ಕಿಗೂ ಅಯಸ್ಕಾಂತ ಅಂಟುವುದಿಲ್ಲ. ಬಾಗಿಲು ಮಾತ್ರ ೩೦೪ ಆಗಿದ್ದು ಒಳಗಿನ ಬರ್ನರು ಕೊಳವೆಗಳು ೪೩೦ ಆಗಿರುವ ಒಲೆಗಳೂ ಇವೆ. ಮೊದಲು ಸುಟ್ಟು ತೂತಾಗುವುದು ಆ ಕೊಳವೆಗಳೇ ಆದುದರಿಂದ, ಅವುಗಳ ಉಕ್ಕು ಯಾವುದೆಂದೂ, ಹತ್ತು ವರ್ಷದ ಮೇಲೆ ಅವು ಬಿಡಿಯಾಗಿ ದೊರೆಯುವುವೇ ಎಂದೂ ಕೇಳಬೇಕು.

ಮಿತ್ರರು ಕೊನೆಗೆ ಚಿಕ್ಕ ಗ್ರಿಲ್ಲನ್ನೇ, ಸ್ವಾಭಾವಿಕ ಅನಿಲದ ಜೆಟ್ಟುಗಳೊಡನೆ ಕೊಂಡರು. ಮನೆಗೆ ಬೀದಿಯ ಕೊಳವೆ ಮೊದಲೇ ಇತ್ತು. ಪಕ್ಕದ ಸಣ್ಣ ಒಲೆಗೆ ಮಾತ್ರ ಪ್ರೊಪೇನ್ ಸಿಲಿಂಡರು ಉಳಿಯಿತು; ಅದರ ಗೂಡಿಗೆ ಎರಡು ಗೋಡೆಗಳಲ್ಲಿ ನೆಲಮಟ್ಟದ ಕಿಂಡಿಗಳಾದುವು. ಕಟ್ಟಿದ ಇಟ್ಟಿಗೆಯನ್ನು ಕೊರೆಯಬೇಕಾಯಿತೆಂದು ಗುತ್ತಿಗೆದಾರನು ಗೊಣಗಿದನಂತೆ. ಮೊದಲ ಸಾರಿ ಹಚ್ಚುವ ಮುನ್ನ ಸೋಪಿನ ನೀರನ್ನು ಬ್ರಷ್ಷಿನಿಂದ ಪ್ರತಿಯೊಂದು ಜೋಡಣೆಗೂ ಬಳಿದು, ಅನಿಲವನ್ನು ಬಿಟ್ಟು ಗಮನಿಸಬೇಕೆಂದೂ, ಕಡ್ಡಿ ಗೀರಿ ಎಂದಿಗೂ ಪರೀಕ್ಷಿಸಬಾರದೆಂದೂ ಬರೆದಿದ್ದೆವು. ಅವರ ಉತ್ತರ ಕಳೆದ ವಾರ ಬಂದಿದೆ. ಗ್ರಿಲ್ಲಿನ ಜೋಡಣೆಗಳೆಲ್ಲ ಸರಿಯಾಗಿದ್ದುವು. ಸಿಲಿಂಡರಿನ ಗೂಡಿನಲ್ಲಿ, ರೆಗ್ಯುಲೇಟರಿನಿಂದ ಎರಡನೆಯ ತಿರುಗಣೆಯಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕ ಗುಳ್ಳೆಗಳು ಒಂದರ ಮೇಲೊಂದು ಏಳುತ್ತಿದ್ದುವಂತೆ. ಬಿಗಿಮಾಡಿಸಿ, ಮತ್ತೆ ನೊರೆ ಬಳಿದು ಹತ್ತು ನಿಮಿಷ ನೋಡಿದರಂತೆ, ಗುಳ್ಳೆ ಏಳಲಿಲ್ಲ.